ಅಂಕಲ್ ಬೆರೆಸಿದ ಪುಡಿ

ಹೋದ ಶನಿವಾರ ಇಲ್ಲಿ ಅಮೆರಿಕದ ಐಸೆಲಿನ್‌ನ ಅಂಗಡಿಯೊಂದರಲ್ಲಿ ಕಾಫಿಪುಡಿ ಬೆರೆಸುತ್ತಿದ್ದರು. ಗಾಜಿನ ಬಾಟಲಿಗೆ ಎರಡು ಬಗೆಯ ಪುಡಿ ಸುರಿದು, ಮುಚ್ಚಳ ಬಿಗಿದು ಕುಲುಕಿದರು. ಆ ಘಮಕ್ಕೆ ಸಾಲಿನಲ್ಲಿದ್ದವರೆಲ್ಲ ಮೂಗರಳಿಸಿದರು. ನಾನು ಮೂಗು ಮುಚ್ಚಿಕೊಂಡೆ.

ಅಂಕಲ್ ಹೀಗೇ ಕುಲುಕುತ್ತಿದ್ದರು...

ಕಂಪ್ಯೂಟರ್ ಬಲ್ಲವರನ್ನು ವಿಮಾನ ತುಂಬಿಸಿ ತರುತ್ತಿದ್ದ ಕಾಲ ಅದು. ನನ್ನ ಗಂಡನಿಗೆ ವೀಸಾ ಮಾಡಿಸಿದ ಪುಟ್ಟ ಕನ್ಸಲ್ಟಿಂಗ್ ಕಂಪನಿ ಅಂಕಲ್‌ದು. ನಾವಿದ್ದ ಬೇಸ್‌ಮೆಂಟೂ ಅವರದೇ. ಮೈಸೂರಿನವರು, ಮಾತು ಬೆಣ್ಣೆ. ಭಾನುವಾರ ಪ್ಲಾಂಟೇಷನ್, ಪೀಬರಿ, ಚಿಕೋರಿ ತಾವೇ ಬೆರೆಸಿ, ಫಿಲ್ಟರ್ ಇಳಿಸಿ, ಕೆಳಗೆ ನಮಗೂ ತಂದು ಕೊಡುತ್ತಿದ್ದರು. ಆ ಕಾಫಿಯನ್ನು ಮಾತ್ರ ಈಗಲೂ ತೆಗಳಲಾರೆ.

ಕೆಲಸ ಕೊಡುವ ಅಮೆರಿಕನ್ನರು ಪೆನ್ಸಿಲ್ವೇನಿಯಾಕ್ಕೆ ಜಿಂಕೆ ಬೇಟೆಗೆ ಹೋಗುತ್ತಾರೆಂದು ಅಂಕಲ್ ಕೂಡ ರೈಫಲ್ ಕೊಂಡರು. ಮೊಟ್ಟೆ ಸಹ ಮುಟ್ಟದ ಮನುಷ್ಯ. ಅಂಗಡಿಯ ತೋಟಾ ಹೊಡೆದರೆ ಮರ್ಯಾದೆಯಿಲ್ಲವೆಂದು, ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವುದನ್ನೂ ಕಲಿತರು. ಯಾವ ಮದ್ದು ಎಂದು ಹೆಣ್ಣು ನೋಡಿದಂತೆ ತಿಂಗಳುಗಟ್ಟಲೆ ನೋಡಿದರು. ಕೊನೆಗೆ ಬಂದೂಕಿನಂಗಡಿಯ ಮುದುಕ ನಿಧಾನವಾಗಿ ಉರಿಯುವುದೊಂದನ್ನು ಆರಿಸಿಕೊಟ್ಟು, ಇದಕ್ಕೆ ಬೇರೇನೂ ಸೇರಿಸಬೇಡ ಎಂದು ಹೇಳಿ ಕಳಿಸಿದನಂತೆ.

“ಬೇಗ ಉರಿಯೋದು ಒಂದೇ ಸಲ ಗುದ್ದಿಬಿಡುತ್ತೆ ಕಣಪ್ಪ. ಸ್ಲೋ ಪೌಡರ್ ಗುಂಡನ್ನ ಕೊನೇ ತನಕ ತಳ್ಕೊಂಡು ಹೋಗುತ್ತೆ. ಗ್ರೀನ್ ಕಾರ್ಡ್ ಥರ, ಪೇಷನ್ಸ್ ಬೇಕು,” ಎಂದು ನಮ್ಮವರಿಗೆ ಪಾಠ ಹೇಳುತ್ತಿದ್ದರು. ಇವರು ತಲೆಯಾಡಿಸುತ್ತಿದ್ದರು.

ಒಮ್ಮೆ ಬಟ್ಟೆ ಒಗೆಯಲು ಗರಾಜಿಗೆ ಹೋದೆ. ನಿಧಾನದ ಮದ್ದು ತಳ ಕಂಡಿತ್ತು. ಪಿಸ್ತೂಲಿಗೆಂದು ತಂದಿದ್ದ, ಬೇಗ ಉರಿಯುವ ಇನ್ನೊಂದು ಮದ್ದು ಅರ್ಧ ಡಬ್ಬಿ ಉಳಿದಿತ್ತು. ಎರಡನ್ನೂ ಹಳೆಯ ಕಾಫಿ ಬಾಟಲಿಗೆ ಸುರಿದು ಅಂಕಲ್ ಕುಲುಕುತ್ತಿದ್ದರು.

“ಸೇರಿಸಬಾರದು ಅಂತ ಅಂಗಡಿಯವರು ಹೇಳಿದ್ರಲ್ಲ, ಅಂಕಲ್?”

“ಅವರಿಗೇನಮ್ಮ ಗೊತ್ತು ಬ್ಲೆಂಡಿಂಗು? ಚಿಕೋರಿ ಎಷ್ಟು ಅನ್ನೋದು ಕೈಗೆ ಗೊತ್ತಾಗುತ್ತೆ. ಇದ್ದಿದ್ದನ್ನ ಬಿಸಾಕೋಕಾಗುತ್ತಾ?”

ನಮ್ಮವರಿಗೆ ಹೇಳಿದೆ. “ಅಂಕಲ್‌ಗೆ ಗೊತ್ತಿರುತ್ತೆ ಬಿಡೇ,” ಎಂದರು.

ಆ ವಾರ ಪೆನ್ಸಿಲ್ವೇನಿಯಾದ ಒಂದು ಹೊಲಕ್ಕೆ ಹೋದೆವು. ಮೊದಲ ಗುಂಡು ಯಾವತ್ತೂ ಅಂಕಲ್‌ದೇ, ಬೇರೆಯವರಿಗೆ ಬಿಡುತ್ತಲೇ ಇರಲಿಲ್ಲ. ಅಂದು ಮಾತ್ರ “ಇವತ್ತು ನೀನೇ ಬೋಣಿ ಮಾಡಪ್ಪ” ಎಂದು ರೈಫಲನ್ನು ನಮ್ಮವರ ಕೈಗಿಟ್ಟರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟೆ. ಅಂಕಲ್ ಲೋಟ ಹಿಡಿದು, ತುಳುಕದಂತೆ ಮೆಲ್ಲಗೆ ನಡೆದು, ಕಾರಿನ ಹಿಂದೆ ಹೋಗಿ ತಲೆ ತಗ್ಗಿಸಿ ನಿಂತರು. ಇದೇಕೆ ಅಲ್ಲಿಗೆ ಹೋದರು ಎಂದು ನಾನು ನೋಡುತ್ತಿರುವಾಗಲೇ ರೈಫಲ್ ಒಡೆದು ಸಿಡಿಯಿತು. ನಮ್ಮವರ ಬಲಗಣ್ಣು ಹೋಯಿತು.

ಅನುಮಾನ ಅಂಕಲ್‌ಗೆ ಮೊದಲೇ ಇತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಜಾತಿ. ಹುಳಿಯಾಗಿದೆಯೇ ಎಂದು ನೋಡಲು ನಿನ್ನೆಯ ಸಾರನ್ನು ಕೆಲಸದವಳಿಗೆ ಕೊಟ್ಟು ನೋಡುವವರಿರುತ್ತಾರಲ್ಲ, ಅಂಥವರು. ಥೂ.

ಆಸ್ಪತ್ರೆಯಲ್ಲಿ “ಇವನೇ ತುಂಬಿಕೊಂಡದ್ದು, ಬೇಡ ಅಂದಿದ್ದೆ” ಎಂದು ಅಂಕಲ್ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಬಾಯಿ ತೆರೆದೆ. ಬ್ಯಾಂಡೇಜು ಸುತ್ತಿಕೊಂಡಿದ್ದ ನಮ್ಮವರು ನನ್ನ ಕೈ ಅದುಮಿದರು.

“ಸುಮ್ನಿರು. ನಮ್ಮ ಪೇಪರ್ಸೆಲ್ಲ ಅವರ ಕೈಲಿದೆ.”

ಮನೆಗೆ ಬಂದ ಮೊದಲ ಭಾನುವಾರ ಅಂಕಲ್ ಎಂದಿನಂತೆ ಎರಡು ಲೋಟ ಕಾಫಿ ತಂದರು. ನನ್ನದನ್ನು ಸಿಂಕಿಗೆ ಸುರಿದೆ. ನಮ್ಮವರು ತಮ್ಮದನ್ನು ಕುಡಿದರು... ಗ್ರೀನ್ ಕಾರ್ಡ್ ಬರುವವರೆಗೂ ಪ್ರತಿ ಭಾನುವಾರ ಕುಡಿದರು.

ಅಂಕಲ್ ತೀರಿಕೊಂಡ ಸುದ್ದಿ ಬಂದದ್ದು ಹೋದ ಶನಿವಾರವೇ, ಬೆಳಿಗ್ಗೆ. ನೆನಪಿನ ಸಂಚಿಕೆಗೆ ಎರಡು ಒಳ್ಳೆಯ ಮಾತು ಬರೆದುಕೊಡಿ ಎಂದು ಅವರ ಮಗಳು ಕೇಳಿದ್ದಾಳೆ. ನನಗೆ ಬರೆಯಲು ಬಂದದ್ದು ಇದಿಷ್ಟೇ.

ಅಂದು ಕಾಫಿಪುಡಿಯ ಅಂಗಡಿಯಲ್ಲಿ ನಾನು ನಮ್ಮವರ ಬಲಕ್ಕೆ ನಿಂತಿದ್ದೆ. ಆ ಕಡೆ ಇದ್ದರೆ ನನ್ನನ್ನು ನೋಡಲು ಅವರು ಪೂರ್ತಿ ಮುಖ ತಿರುಗಿಸಬೇಕು. ತಿರುಗಿಸಿದರು.

“ಏನೇ ಹೇಳು, ಅಂಕಲ್ ಕಾಫಿ ಅಂದ್ರೆ ಕಾಫಿ. ಪಾಪ...” ಎಂದರು.

ಸಾಮಾನನ್ನು ಅಲ್ಲೇ ಬಿಟ್ಟು ನಾನು ಹೊರಗೆ ಬಂದೆ. ಇಷ್ಟು ವರ್ಷಗಳಲ್ಲಿ ತಮ್ಮ ಕಣ್ಣಿಗಾಗಿ ಅವರು ಒಮ್ಮೆಯೂ ಪಾಪ ಎಂದದ್ದಿಲ್ಲ.