ಬಂದೂಕು ಗೋಡೆಗೆ, ತೋಟಾ ಅವ್ವನ ಟ್ರಂಕಿಗೆ

ಹೋದ ತಿಂಗಳು ಕಪಾಟಿನಲ್ಲಿ ಕನ್ನಡಕದ ಡಬ್ಬಿ ಹುಡುಕುತ್ತಿದ್ದಾಗ ಕೈಗೆ ಅರಿವೆಯ ಒಂದು ಸುತ್ತು ಸಿಕ್ಕಿತು. ಅಪ್ಪನ ಹಳೆಯ ಧೋತರದ ತುಂಡು. ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಯಿತು, ಹೊಲಿಗೆ ಯಂತ್ರದ ಎಣ್ಣೆ. ಬಂದೂಕು ಒರೆಸುವುದಕ್ಕೆ ಅಪ್ಪ ಅದನ್ನೇ ಬಳಸುತ್ತಿದ್ದ. ಬಂದೂಕಿಗೆಂದೇ ಬೇರೆ ಎಣ್ಣೆ ಸಿಗುತ್ತದೆ ಎಂದು ಹುಬ್ಬಳ್ಳಿಯ ಬಂದೂಕಿನ ಅಂಗಡಿಯವರು ಎಷ್ಟು ಹೇಳಿದರೂ ಕೇಳದೆ, ಓಣಿಯ ಟೇಲರ್‌ನ ಹತ್ತಿರ ಸಣ್ಣ ಬಾಟಲಿಯಲ್ಲಿ ತುಂಬಿಸಿಕೊಂಡು ಬರುತ್ತಿದ್ದ. "ಅದೂ ಕಬ್ಬಿಣ, ಇದೂ ಕಬ್ಬಿಣ. ಅದಕ್ಕೇನು ಜಾತಿ ಐತೇನು?" ಎನ್ನುತ್ತಿದ್ದ.

ವಾಸನೆ ಇತ್ತು, ಬಂದೂಕು ಇರಲಿಲ್ಲ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇದ್ದವರು ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ತಂದುಕೊಳ್ಳಬೇಕು. ನಾನೂ ಇಟ್ಟಿದ್ದೆ. ಮತ ಎಣಿಕೆ ಮುಗಿದು, ಗೆದ್ದವರ ಮೆರವಣಿಗೆ ಮುಗಿದು, ಸೋತವರು ಮತ್ತೆ ಮದುವೆಮನೆಗಳಲ್ಲಿ ಕಾಣಿಸಿಕೊಳ್ಳತೊಡಗಿದ್ದರೂ ನಾನು ತರಲು ಹೋಗಿರಲಿಲ್ಲ. ಆ ಮುಂಜಾನೆಯೂ ಸವಣೂರಿನ ಠಾಣೆಯಿಂದ ಫೋನು ಬಂದಿತ್ತು.

"ಅಕ್ಕಾರ, ಎಲ್ಲಾರೂ ತಮ್ಮ ತಮ್ಮವು ಒಯ್ದಾರ್ರಿ. ನಿಮ್ಮವೆರಡ ಉಳದಾವು. ಮೂಲ್ಯಾಗ ನಿಂತು ನನ್ನ ನೋಡಾಕತ್ತಾವ್ರಿ."

"ನಾಳೆ ಬರ್ತೇನ್ರಿ."

"ಹೋದ ವಾರನೂ ನಾಳೇನ ಇತ್ರಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಅರಿವೆಯ ಸುತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ಹೋದೆ, ಅಲ್ಲಿಂದ ಅಡುಗೆಮನೆಗೆ ಬಂದೆ, ಚಹಾಕ್ಕೆ ನೀರಿಟ್ಟು ಮರೆತೆ. ಕನ್ನಡಕದ ಡಬ್ಬಿಯಂತೂ ಇವತ್ತಿಗೂ ಸಿಕ್ಕಿಲ್ಲ.

ಬಂದೂಕಿನ ಒಡತಿ ಎಂದಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೋ ನನಗೆ ಗೊತ್ತಿಲ್ಲ. ಅವರು ನಾನಲ್ಲ ಎಂಬುದಂತೂ ಖಚಿತ. ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಊರೂರಿನ ಸುದ್ದಿ ತಿದ್ದುತ್ತ ಸೇವೆ ಮುಗಿಸಿದವಳು ನಾನು. ಈಗ ಸವಣೂರಿನಲ್ಲಿ ಅವ್ವನ ಜೊತೆ ಇದ್ದೇನೆ. ಹೊಲ, ಎತ್ತು, ಟ್ರ್ಯಾಕ್ಟರ್ ಎಲ್ಲ ಹಿರೇಬೆಂಡಿಗೇರಿಯಲ್ಲಿ ತಮ್ಮ ಈರಣ್ಣನ ಪಾಲಿಗೆ. ಬಂದೂಕು ಮಾತ್ರ ನನ್ನ ಪಾಲಿಗೆ. ಲೈಸೆನ್ಸ್ ವಿಚಾರಕ್ಕೆ ಕಚೇರಿಗೆ ಹೋದಾಗಲೆಲ್ಲ "ಯಜಮಾನ್ರು ಬರ್ಲಿಲ್ಲೇನ್ರಿ?" ಎಂದು ಕೇಳುವ ಒಬ್ಬರಾದರೂ ಇರುತ್ತಾರೆ. "ಬಂದಾರಲ್ರಿ, ನಿಮ್ಮ ಮುಂದ ಕುಂತಾರ" ಎಂದು ಹೇಳಿ ಹೇಳಿ ಆ ಮಾತೂ ಸವೆದುಹೋಗಿದೆ.

ಅಪ್ಪನಿಗೆ ಬಂದೂಕು ಕೂಡಿಡುವ ಗೀಳಿತ್ತು. ಸಂಗ್ರಹ ಎಂದರೆ ಮಾತು ದೊಡ್ಡದಾದೀತು, ಇದ್ದದ್ದು ಮೂರು. ಮೊದಲನೆಯದು ಮುತ್ತಜ್ಜನ ಕಾಲದ ಕೇಪಿನ ಬಂದೂಕು, ನಳಿಗೆಯ ಬಾಯಿಂದ ಮದ್ದು ಜಡಿದು ತುಂಬುವಂಥದ್ದು. ಎರಡನೆಯದು ಒಂಟಿ ನಳಿ, ಸವಣೂರಿನ ಒಬ್ಬ ಸಾಹೇಬರಿಂದ ಬಂದದ್ದು. ಮೂರನೆಯದು ಜೋಡಿ ನಳಿ. ಅದು ಹಿರೇಕೆರೂರು ಕಡೆಯ ಪಾಟೀಲರೊಬ್ಬರ ಮನೆಯದು. ಅದರ ಹಿಡಿಯ ಮೇಲೆ ಯಾರೋ ಬಳ್ಳಿ ಕೆತ್ತಿದ್ದರು. ಅಪ್ಪ ಬಂದೂಕಿನ ಗುಣ ಹೇಳುವಾಗ ಗುರಿಯ ಮಾತು ಕೊನೆಗೆ, ಬಳ್ಳಿಯ ಮಾತು ಮೊದಲಿಗೆ.

ನವರಾತ್ರಿಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಮೂರನ್ನೂ ಕಂಬಳಿಯ ಮೇಲೆ ಮಲಗಿಸಿ, ವಿಭೂತಿ ಎಳೆದು, ಚೆಂಡುಹೂವು ಏರಿಸುತ್ತಿದ್ದ. ಪಕ್ಕದಲ್ಲಿ ಕುಡಗೋಲು, ಕುಂಟೆಯ ಕುಡ, ಅವ್ವನ ಈಳಿಗೆ. ನನಗೆ ನೌಕರಿ ಸಿಕ್ಕ ವರ್ಷ ನನ್ನ ಪೆನ್ನೂ ಆ ಸಾಲಿಗೆ ಸೇರಿತು. ಅಪ್ಪ ಅದಕ್ಕೆ ವಿಭೂತಿ ಎಷ್ಟು ಭಕ್ತಿಯಿಂದ ಹಚ್ಚಿದನೆಂದರೆ, ಮುಂದೆ ಅದು ಬರೆಯಲಿಲ್ಲ.

ಇಷ್ಟೆಲ್ಲ ಇದ್ದರೂ ಅಪ್ಪ ಒಂದು ಪ್ರಾಣಿಯನ್ನೂ ಹೊಡೆದವನಲ್ಲ. ಗೋವಿನಜೋಳ ತೆನೆ ಕಟ್ಟುವಾಗ ಹಂದಿಗಳ ಹಿಂಡು ಬರುತ್ತಿತ್ತು. ಅಪ್ಪ ಹೊಲದ ಬದುವಿನಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದ, ಹಂದಿ ಓಡುತ್ತಿದ್ದವು. ದಾಖಲೆಯ ದೃಷ್ಟಿಯಿಂದ ಹೇಳುವುದಾದರೆ, ಆ ಬಂದೂಕುಗಳಿಗೆ ಬಲಿಯಾದದ್ದು ಒಂದೇ ಒಂದು. ಒಂದು ಮುಸ್ಸಂಜೆ ಹಂದಿ ನಿಂತಿದೆಯೆಂದು ಅಪ್ಪ ನೇರ ಹೊಡೆದ. ಹೋಗಿ ನೋಡಿದರೆ ನಮ್ಮದೇ ಬೆದರುಬೊಂಬೆ, ಮೈಮೇಲೆ ಅಪ್ಪನದೇ ಮದುವೆಯ ಕೋಟು.

"ಊರಾಗ ಎಲ್ಲಾರೂ ವೈರಿಗಿ ಹೊಡೀತಾರ," ಎಂದಳು ಅವ್ವ, ತೂತು ಬಿದ್ದ ಕೋಟಿನೊಳಗೆ ಬೆರಳು ತೂರಿಸಿ ತೋರಿಸುತ್ತ. "ನೀವು ನಿಮ್ಮ ಕೋಟಿಗಿ ಹೊಡಕೊಂಡ್ರೆಲ್ಲಾ. ಪುಣ್ಯಾಕ ಒಳಗ ನೀವಿರಲಿಲ್ಲ."

ಅವ್ವ ಅಕ್ಕಿಆಲೂರಿನವಳು. ಅವಳ ತವರಿನಲ್ಲಿ ಬಂದೂಕು ಇರಲಿಲ್ಲ, ಮಾತಿತ್ತು. ಮದುವೆಯಾಗಿ ಬಂದ ಹೊಸತರಲ್ಲೇ ಅವಳು ಒಂದು ಪದ್ಧತಿ ಹಾಕಿದಳು. ಬಂದೂಕು ಗೋಡೆಯ ಗೂಟಕ್ಕೆ, ತೋಟಾ ತನ್ನ ಸೀರೆಯ ಟ್ರಂಕಿಗೆ, ಟ್ರಂಕಿನ ಕೀಲಿ ತನ್ನ ಸೊಂಟಕ್ಕೆ. ಅಪ್ಪನಿಗೆ ಗುಂಡು ಬೇಕಾದರೆ ಅವಳನ್ನು ಕೇಳಬೇಕು. ಅವಳು ಕೊಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಯಾರಿಗಿ?"

"ಹಂದಿಗಿ," ಎನ್ನುತ್ತಿದ್ದ ಅಪ್ಪ. ಕೀಲಿ ಹೊರಬರುತ್ತಿತ್ತು. ನಮ್ಮ ಮನೆಯಲ್ಲಿ ಇದು ದೇವರಿಗೆ ಗಂಟೆ ಬಾರಿಸಿದಷ್ಟೇ ಸಹಜವಾಗಿತ್ತು. ಮನೆಗೆ ಬಂದ ಬೀಗರು ನಕ್ಕರೆ ಅಪ್ಪನೂ ನಗುತ್ತಿದ್ದ. "ನಮ್ಮ ಮನ್ಯಾಗ ಎರಡು ಲೈಸೆನ್ಸ್ ಅದಾವ್ರಿ. ಸರ್ಕಾರದ್ದೊಂದು, ಇಕಿದೊಂದು. ಸರ್ಕಾರದ್ದು ಲಗೂನ ಸಿಗತೈತಿ."

ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ ರಜೆಗೆ ಊರಿಗೆ ಬಂದಿದ್ದೆ. ಮಧ್ಯಾಹ್ನದ ಹೊತ್ತು, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊಲದಿಂದ ಬಂದ. ಪಕ್ಕದ ಹೊಲದವರು ನೇಗಿಲು ಹೊಡೆಯುತ್ತ ಹೊಡೆಯುತ್ತ ಬದು ಒತ್ತಿ ನಮ್ಮ ಕಡೆಗೆ ಬಂದಿದ್ದರು. ಬಾಯಿ ಮಾಡಿದ್ದಕ್ಕೆ ಅಪ್ಪನನ್ನು ಕೂಲಿಯವರ ಮುಂದೆ ಏನೋ ಅಂದಿದ್ದರು. ಏನು ಅಂದರೆಂದು ಅಪ್ಪ ಯಾವತ್ತೂ ಹೇಳಲಿಲ್ಲ. ಕಾಲು ತೊಳೆಯಲಿಲ್ಲ. ನೇರ ಒಳಗೆ ಬಂದು ಗೂಟದಿಂದ ಒಂಟಿ ನಳಿಯನ್ನು ಇಳಿಸಿದ.

"ತೋಟಾ ಕೊಡು."

ಅವ್ವ ಹೆಂಚಿನಿಂದ ಕಣ್ಣು ಎತ್ತದೆ ಕೇಳಿದಳು, "ಯಾರಿಗಿ?"

ಅಪ್ಪ ಬಂದೂಕು ಹಿಡಿದು ನಿಂತೇ ಇದ್ದ. ಹೆಂಚಿನ ಮೇಲೆ ರೊಟ್ಟಿ ಹೊತ್ತಿತು, ಅವ್ವ ತಿರುವಿ ಹಾಕಲಿಲ್ಲ.

"ಯಾರಿಗಿ ಅಂತ ಕೇಳಿದ್ನೆಲ್ಲಾ."

ಹೊಗೆ ಅಡುಗೆಮನೆಯ ತುಂಬ ಆಯಿತು. ಅಪ್ಪ ಬಂದೂಕನ್ನು ಗೋಡೆಗೆ ಒರಗಿಸಿದ. "ಊಟಕ್ಕ ಹಾಕು," ಎಂದ. ಅವ್ವ ಆ ಹೊತ್ತಿದ ರೊಟ್ಟಿಯನ್ನೇ ತಾಟಿಗೆ ಹಾಕಿದಳು. ಅಪ್ಪ ಅದನ್ನೇ ಉಂಡ.

ಕೆಲವು ದಿನಗಳಲ್ಲಿ ಒಂಟಿ ನಳಿ ಹುಬ್ಬಳ್ಳಿಯ ಅಂಗಡಿಗೆ ಹೋಯಿತು. ಊರಲ್ಲಿ ಕೆಲವರು ನನ್ನ ಮದುವೆಗೆ ರೊಕ್ಕ ಬೇಕಾಗಿ ಮಾರಿದನೆಂದರು, ಕೆಲವರು ನಳಿ ತೂತಾಗಿತ್ತೆಂದರು. ಅಪ್ಪ ಎಲ್ಲರಿಗೂ ಹೌದೆಂದ. ನಾನು ಬಿಡದೆ ಕೇಳಿದಾಗ ಮಾತ್ರ ಹೇಳಿದ: "ಅದಕ್ಕ ಕೈ ಹೋಗಿತ್ತವ್ವಾ. ಒಮ್ಮೆ ಸಿಟ್ಟಿನ ಕೈ ಹತ್ತಿದ್ದು ಮನ್ಯಾಗ ಇರಬಾರದು. ಕೈಗಿ ಹಾದಿ ಗೊತ್ತಾಗಿರತೈತಿ."

ಮುಂದೆ ಡೆಸ್ಕಿನಲ್ಲಿ ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದದ್ದು, ಸುದ್ದಿಯ ಮೊದಲ ಸಾಲಿನಲ್ಲಿ 'ಯಾರು' ಎಂಬುದು ಇರಬೇಕು ಎಂದು. ಯಾರು, ಯಾರಿಗೆ, ಎಲ್ಲಿ. ಬದುವಿನ ಜಗಳ, ಕಾಲುವೆಯ ಜಗಳ, ಅಣ್ಣತಮ್ಮಂದಿರ ಜಗಳ ನನ್ನ ಕೈಯಡಿ ಎಷ್ಟೋ ಹಾದುಹೋದವು. ಒಂದು ಕಾಲಂ, ಎರಡು ಇಂಚು. ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ನೋಡಿ ಪುಟಕ್ಕೆ ಬಿಡುತ್ತಿದ್ದೆ. ಮನೆಗೆ ಬಂದು ಊಟ ಮಾಡುತ್ತಿದ್ದೆ. ಹೊತ್ತಿದ ರೊಟ್ಟಿಯ ವಾಸನೆ ಮಾತ್ರ ಕೆಲವೊಮ್ಮೆ ಕಾರಣವಿಲ್ಲದೆ ಬರುತ್ತಿತ್ತು.

ಕಾಯಿಲೆ ಬಿದ್ದಾಗ ಅಪ್ಪ ಉಳಿದ ಎರಡು ಬಂದೂಕು ನನ್ನ ಹೆಸರಿಗೆ ಆಗಬೇಕೆಂದ. ಈರಣ್ಣನಿಗೆ ಅದು ಸೇರಲಿಲ್ಲ. "ಅಕ್ಕ ಪೆನ್ನು ಹಿಡಿಯಾಕಿ. ಬಂದೂಕು ತಗೊಂಡು ಏನ್ ಮಾಡ್ತಾಳ?" ಎಂದ.

"ಏನೂ ಮಾಡೂದಿಲ್ಲ," ಎಂದ ಅಪ್ಪ. "ಅದಕ್ಕ ಆಕಿಗಿ."

ಹಾಗೆ ಏನೂ ಮಾಡದವಳಾಗಿ ನಾನು ಇಷ್ಟು ವರ್ಷ ಕಳೆದೆ. ಅವುಗಳನ್ನು ಮಾರಿಬಿಡೋಣವೆಂದು ಎರಡು ಸಲ ಅರ್ಜಿ ಬರೆದುಕೊಟ್ಟು ಎರಡು ಸಲವೂ ವಾಪಸ್ ತೆಗೆದುಕೊಂಡೆ. ಇಟ್ಟುಕೊಂಡರೆ ಯಾಕೆ ಇಟ್ಟುಕೊಂಡೆ ಎನಿಸುತ್ತಿತ್ತು. ಮಾರಲು ಹೊರಟರೆ ಅಪ್ಪ ಹಿಡಿಯ ಬಳ್ಳಿಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತದ್ದು ಕಾಣುತ್ತಿತ್ತು. ಕೂತರೆ ಎದ್ದೆ, ಎದ್ದರೆ ಕೂತೆ.

ಅರಿವೆ ಸಿಕ್ಕ ದಿನವೇ ಸಂಜೆ ಈರಣ್ಣನ ಫೋನು ಬಂತು.

"ಅಕ್ಕಾ, ಬಂದೂಕು ಬಿಡಿಸ್ಕೊಂಡ್ಯೇನು?"

"ಇಲ್ಲಪಾ. ಯಾಕ?"

"ಲಗೂನ ಬಿಡಿಸ್ಕೊ. ಆ ಜೋಡಿ ನಳೀದು ನನ್ನ ಹೆಸರಿಗಿ ಮಾಡ್ಸು. ಈ ಪಕ್ಕದ ಹೊಲದಾವ ನಮ್ಮ ಬೋರಿನ ಪೈಪು ಕಿತ್ತು ಬದುವಿನ ಮ್ಯಾಲ ಒಗದಾನ. ಮತ್ತ ನನಗ ದಿಮಾಕು ತೋರಸ್ತಾನ."

ಪಕ್ಕದ ಹೊಲದವನೆಂದರೆ ಅವತ್ತು ಅಪ್ಪನನ್ನು ಕೂಲಿಯವರ ಮುಂದೆ ಅಂದಿದ್ದವರ ಮಗ. ಫೋನು ಸ್ಪೀಕರಿನಲ್ಲಿತ್ತು. ಅವ್ವ ಹಾಸಿಗೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೇಳಬೇಕಾದ್ದನ್ನು ಅವಳು ಕೇಳುತ್ತಾಳೆಂದು ಕಾದೆ. ಅವಳು ಕೇಳಲಿಲ್ಲ. ನನ್ನನ್ನು ನೋಡಿದಳು.

"ಯಾರಿಗೋ?" ಎಂದೆ ನಾನು.

ಈರಣ್ಣ ನಕ್ಕ. "ಹಂದಿಗಿ."

"ಯಾವ ಹಂದಿಗಿ?"

"ಎರಡು ಕಾಲಿಂದೂ ಇರತಾವಲ್ಲಕ್ಕಾ."

ನಾನೂ ನಕ್ಕೆ. ಹಾಸ್ಯಕ್ಕೆ ನಗಬೇಕು. ಫೋನು ಇಟ್ಟ ಮೇಲೆ ಅವ್ವ ಬೆಳ್ಳುಳ್ಳಿಯ ಸಿಪ್ಪೆಯನ್ನು ಸೆರಗಿನಲ್ಲಿ ಕೂಡಿಸಿಕೊಂಡು ಎದ್ದಳು. "ನಿಮ್ಮಪ್ಪ ಅವತ್ತು ನಕ್ಕಿರಲಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾರನೆಯ ದಿನ ಠಾಣೆಗೂ, ಲೈಸೆನ್ಸಿನ ಕಚೇರಿಗೂ ಹೋದೆ. ಜೋಡಿ ನಳಿಯ ಮಾರಾಟಕ್ಕೆ ಮತ್ತೆ ಅರ್ಜಿ ಕೊಟ್ಟೆ. ಅಲ್ಲಿಯ ಗುಮಾಸ್ತರು ನನ್ನ ಮುಖ ನೋಡಿ, "ಮೂರನೇ ಸಲಾರಿ ಅಕ್ಕಾರ. ಈ ಸಲ ಖರೇನ?" ಎಂದರು. "ಖರೇನ್ರಿ," ಎಂದೆ. ಕಾಗದಪತ್ರ ಕೈಗೆ ಬಂದ ದಿನ ಈರಣ್ಣನಿಗೆ ಕಾರು ತರಲು ಹೇಳಿದೆ. ಬಂದೂಕು ತನ್ನ ಹೆಸರಿಗಾಯಿತೆಂದು ತಿಳಿದು ಅವನು ಉತ್ಸಾಹದಿಂದ ಬಂದ. ಠಾಣೆಯಿಂದ ಎರಡನ್ನೂ ಬಿಡಿಸಿಕೊಂಡು ಕೇಪಿನ ಬಂದೂಕನ್ನು ಮನೆಯಲ್ಲಿಳಿಸಿದೆವು. ಚೀಲದಲ್ಲಿದ್ದ ಜೋಡಿ ನಳಿಯನ್ನು ಹಿಂದಿನ ಸೀಟಿನ ಮೇಲೆ, ಮಲಗಿದ ರೋಗಿಯಂತೆ ಇಟ್ಟೆವು. ಅವನು ದಾರಿಯುದ್ದಕ್ಕೂ ಗೋವಿನಜೋಳದ ಮಾತಾಡಿದ. ಶಿಗ್ಗಾವಿಯಲ್ಲಿ ನಮ್ಮೂರಿನ ಕಡೆ ಹೊರಳಲು ಕಾರು ನಿಧಾನ ಮಾಡಿದ.

"ಹೊರಳಸಬ್ಯಾಡ. ಸೀದಾ ನಡಿ," ಎಂದೆ.

"ಎಲ್ಲಿಗಿ?"

"ಹುಬ್ಬಳ್ಳಿಗಿ. ಅಂಗಡಿಗಿ."

ಅವನು ಹೆದ್ದಾರಿ ಹಿಡಿದ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ತಡಸದ ಹತ್ತಿರ ಚಹಾದಂಗಡಿಯ ಮುಂದೆ ಅವನು ಕಾರು ನಿಲ್ಲಿಸಿದ. ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದ.

"ನಾ ನಗಾಕ, ಚಾಷ್ಟಿಗಿ ಅಂದಿದ್ದೆ ಅಕ್ಕಾ."

"ಗೊತ್ತೈತಿ."

"ಮತ್ತ್ಯಾಕ ಇದು? ನಾ ಏನು ಅಷ್ಟು ಹುಚ್ಚ ಅದೀನೇನು?"

"ಅವತ್ತು ಅವ್ವ ಯಾರಿಗಿ ಅಂದಾಗ ಅಪ್ಪನ ಕಡೆ ಉತ್ತರ ಇರಲಿಲ್ಲೋ ಈರಣ್ಣಾ. ಆದ್ರೂ ಮಾರಿದ." ನಾನು ಅವನ ಕೈಗಳನ್ನು ನೋಡುತ್ತಿದ್ದೆ. ಥೇಟು ಅಪ್ಪನವೇ. "ನಿನ್ನ ಕಡೆ ಉತ್ತರ ಇತ್ತು."

ಅವನ ಮುಖ ಕೆಂಪಾಯಿತು. ಸಿಟ್ಟೋ, ನಾಚಿಕೆಯೋ ನಾನು ಹೇಳಲಾರೆ, ಕಂಡದ್ದನ್ನಷ್ಟೇ ಹೇಳಬಲ್ಲೆ. ಬದು ಅಳೆಸುವ ಮೋಜಣಿಗೆ ಅರ್ಜಿ ಹಾಕೋಣ, ನಾನೂ ಜೊತೆ ಬರುತ್ತೇನೆ ಎಂದೆ. ಅವನು ಕಾರು ಚಾಲೂ ಮಾಡಿದ. ಅಂಗಡಿಯವರು ಹಿಡಿಯ ಬಳ್ಳಿಯನ್ನು ಮೆಚ್ಚಿ ಎರಡು ಮಾತು ಹೇಳಿದಾಗ ಈರಣ್ಣ ಹೊರಗೆ ಹೋಗಿ ನಿಂತ. ಬರುವಾಗ ನನ್ನನ್ನು ಸವಣೂರಿನಲ್ಲಿ ಇಳಿಸಿ, ಅವ್ವನನ್ನು ಮಾತಾಡಿಸಲೂ ಒಳಗೆ ಬರದೆ ಹೋದ.

ಈಗ ಗೋಡೆಯ ಮೇಲೆ ಕೇಪಿನ ಬಂದೂಕು ಒಂದೇ ಇದೆ. ಅದನ್ನು ಇಟ್ಟುಕೊಂಡಿದ್ದೇನೆ. ಯಾರಿಗೆ ಎಂದು ಕೇಳಿದರೆ ಖಂಡೇಪೂಜೆಗೆ ಎನ್ನಬಲ್ಲೆ, ಕಣ್ಣು ತಪ್ಪಿಸದೆ. ಪಕ್ಕದ ಗೂಟ ಬರಿದಾಗಿದೆ. ನಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಬೇರೆಯವರ ಸುದ್ದಿಯಾಗಿದ್ದರೆ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಇದು ಮುಗಿಯುತ್ತಿಲ್ಲ. ಫೋನನ್ನು ಎತ್ತಿ ನೋಡುತ್ತೇನೆ, ಇಡುತ್ತೇನೆ. ತಮ್ಮ ಇನ್ನೂ ಮಾಡಿಲ್ಲ.

ಇವತ್ತು ಮುಂಜಾನೆ ಅವ್ವ ಬಂದು ಕೈ ಚಾಚಿದಳು. "ಆ ಎಣ್ಣಿ ಅರಿವಿ ಎಲ್ಲೈತಿ? ಕೊಡಿಲ್ಲೆ."

"ಯಾರಿಗಿ?" ಎಂದೆ, ನನಗೇ ಗೊತ್ತಿಲ್ಲದಂತೆ.

ಅವ್ವ ಬಾಯಿ ತುಂಬ ನಕ್ಕಳು. "ಮುಂದಿನ ಬಾಗಲಕ್ಕ ಬೇ. ಯಾರರ ಬಂದ್ರ ಕಿರ್ ಅಂತೈತಿ. ಓಣಿಗೆಲ್ಲಾ ಕೇಳತೈತಿ."

ಕಪಾಟಿನಿಂದ ಅರಿವೆ ತೆಗೆದೆ. ಕೊಡಲು ಮುಂದೆ ಮಾಡಿ, ಮತ್ತೆ ಹಿಂದಕ್ಕೆ ತೆಗೆದುಕೊಂಡೆ.

"ಇರಲಿ ಬಿಡ ಬೇ," ಎಂದೆ. "ಈರಣ್ಣ ಬಂದ್ರ ಗೊತ್ತಾಗಲಿ."

ಅವ್ವ ಬಾಗಿಲಿಗೆ ಮುಖ ಮಾಡಿ, ಕುರ್ಚಿ ಎಳೆದುಕೊಂಡು ಕೂತಳು.