ಕೈ ನೋಡುವ ಹುಡುಗಿ

ಮೊದಲ ನೋಟಕ್ಕೆ ಮಾಲತೇಶಪ್ಪ ದಿಲನಾಜಳಿಗೆ ಕಟ್ಟಿದ ದರ ಕಡಿಮೆಯೇ. ಆಳು ಗಿಡ್ಡ, ಸಾಗಾಟಕ್ಕೆ ಹಗುರ. ಮಾತು ಜಾಸ್ತಿ, ಅಂದರೆ ಹಸಿ ಹೆಚ್ಚು. ಒಣಗಿದ ಮೇಲೆ ಎಷ್ಟು ಉಳಿದೀತೋ ಹೇಳಲಾಗದು. ಗುತ್ತಲದ ಮಾಲು. ತಂದೆ ಮಹಮ್ಮದ್ ಹನೀಫ್ ಸಂತೆಯಿಂದ ಸಂತೆಗೆ ಬಳೆ ಪೆಟ್ಟಿಗೆ ಹೊತ್ತು ತಿರುಗುವವನು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಲೇ ತಲೆ ನರೆತ ಮಾಲತೇಶಪ್ಪ, ಇಂಥ ಚೀಲಕ್ಕೆ ಟೆಂಡರಿನಲ್ಲಿ ಯಾರೂ ಕೈ ಹಾಕಲಿಕ್ಕಿಲ್ಲವೆಂದು ನಿಶ್ಚಿಂತನಾದ.

ಚಿಂತೆಗೆ ಕಾರಣವಿತ್ತು. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಊರಾಚೆಯ ಕಾರ್ಖಾನೆ ತನ್ನ ಪ್ರಯೋಗಾಲಯಕ್ಕೆ ಇಬ್ಬರು ವಿಜ್ಞಾನ ಪದವೀಧರರನ್ನು ಒಂದು ವರ್ಷದ ತರಬೇತಿಗೆ ತೆಗೆದುಕೊಂಡಿತ್ತು. ಕೊನೆಗೆ ಕಾಯಂ ಕೆಲಸ ಒಬ್ಬರಿಗೇ. ಒಬ್ಬಳು ಈ ದಿಲನಾಜ. ಇನ್ನೊಬ್ಬಳು ಮಾಲತೇಶಪ್ಪನ ಮಗಳು ಅರುಣಾ.

ಅರುಣಾ ಮೆಣಸಿನಕಾಯಿ ರಾಶಿಯ ಮೇಲೆ ಆಡಿ ಬೆಳೆದವಳು. ದಿಲನಾಜಳೋ, ಮೊದಲ ವಾರ ಒಂದು ಕಾಯನ್ನು ಬಳೆಯಂತೆ ಬೆಳಕಿಗೆ ಹಿಡಿದು, "ಇದು ಒಳಗ ಯಾಕ ಗಲಗಲ ಅಂತೈತ್ರಿ?" ಎಂದು ಕೇಳಿದ್ದಳಂತೆ. ಆ ಸುದ್ದಿ ಬಂದ ದಿನ ಮಾಲತೇಶಪ್ಪ ಒಂದು ರೊಟ್ಟಿ ಹೆಚ್ಚು ತಿಂದ.

ಬರಬರುತ್ತ ರೊಟ್ಟಿ ಗಂಟಲಲ್ಲಿ ನಿಲ್ಲತೊಡಗಿತು. ದಿಲನಾಜ ಗುತ್ತಲದಿಂದ ಹಾವೇರಿಗೆ, ಹಾವೇರಿಯಿಂದ ಬ್ಯಾಡಗಿಗೆ ಬಸ್ಸಿನಲ್ಲಿ ನಿಂತೇ ಓದಿಕೊಂಡು ಬರುವಳು. ಮೊಣಕಾಲು ದಾಟುವ ಬಿಳಿ ಕೋಟನ್ನು ತಾಯಿ ಬಿಬಿಜಾನ್ ಮಡಚಿ ಹೊಲಿದು ಅಳತೆಗೆ ತಂದಿದ್ದಳು. ಮಾಡಿದ ಪರೀಕ್ಷೆಯನ್ನು ಯಾರೂ ಹೇಳದಿದ್ದರೂ ಇನ್ನೊಮ್ಮೆ ಮಾಡುವಳು. ತಪ್ಪಿದರೆ ತಾನೇ ಹೋಗಿ ಮುಖ್ಯಸ್ಥೆ ಕೈಸರ ಮೇಡಂಗೆ ತೋರಿಸುವಳು. ಕೊಳೆತ ಕಾಯನ್ನು ತಾನೇ ಮೇಲಿಟ್ಟು ಮಾರುವ ಈ ವ್ಯಾಪಾರ ಮಾಲತೇಶಪ್ಪನಿಗೆ ತಿಳಿಯಲಿಲ್ಲ. ಗಿರಾಕಿ, ಅಂದರೆ ಮೇಡಂ, ಮಾತ್ರ ಅವಳ ಕಡೆಗೇ ವಾಲುತ್ತಿದ್ದರು.

ಒಂದು ದಿನ ಅರುಣಾ ಆಕೆಯನ್ನು ಊಟಕ್ಕೆ ಕರೆತಂದಳು. ಆಕೆ ಹೋದ ಮೇಲೆ ಹೆಂಡತಿ ಮಂಗಳವ್ವನ ಬಾಯಿ ತುಂಬ ಅದೇ ಹೆಸರು.

"ಎಷ್ಟು ಚುರುಕ ಐತ್ರಿ ಹುಡಿಗಿ! ನನ್ನ ಕೈ ನೋಡಿದಾಕೀನ ಬಳಿ ಅಳತಿ ಹೇಳಿಬಿಟ್ಲು."

"ಹಂಗಾರ ಬಳೀನ ಮಾರಂತ ಹೇಳು. ಕಾರ್ಖಾನ್ಯಾಗ ಏನ ಕೆಲಸ ಆಕೀದು?"

"ಏನ್ ಹೊಟ್ಟಿಉರೀರಿ ನಿಮ್ದು! ಘಾಟು ಅಡಗಿ ಮನೀತನಕ ಬರಾಕತ್ತೈತಿ."

ಪಕ್ಕದವನ ರಾಶಿಗೆ ಹೆಚ್ಚು ದರ ಬಿದ್ದಾಗಿನ ಉರಿ ಅವನಿಗೆ ಹೊಸದಲ್ಲ. ಅದು ಚಹಾ ಕುಡಿದರೆ ಆರುತ್ತಿತ್ತು. ಇದು ಆರಲಿಲ್ಲ.

ತರಬೇತಿ ಮುಗಿಯುವ ಹೊತ್ತಿಗೆ ಪೆಟ್ಟು ಬಿತ್ತು. ಅರುಣಾ ಅಳೆದ ಬಣ್ಣದ ಅಂಕಿ ಹೆಚ್ಚು ಬರುತ್ತಿತ್ತು, ಮರುಪರೀಕ್ಷೆಯಲ್ಲಿ ಇಳಿಯುತ್ತಿತ್ತು. ಅದು ಕಣ್ಣಿಗೆ ಬಿದ್ದದ್ದು ಮಾಲತೇಶಪ್ಪನ ಅಂಗಡಿಯಿಂದಲೇ ಹೋದ ಮಾಲಿನಲ್ಲಿ. ಅಪ್ಪನ ಮಾಲಿಗೆ ದರ ಹೆಚ್ಚಲೆಂದು ಮಗಳು ಬಣ್ಣದ ಅಂಕಿ ಏರಿಸಿದಳೆಂಬ ಮಾತೆದ್ದಿತು. ಕೆಲಸ ಹೋಗಲಿ, ಕಳ್ಳಿ ಎಂಬ ಹೆಸರು ಅಂಟಿದರೆ ಈ ಸೀಮೆಯ ಯಾವ ಪ್ರಯೋಗಾಲಯವೂ ಅವಳಿಗೆ ಬಾಗಿಲು ತೆಗೆಯದು.

ಕೈಸರ ಮೇಡಂ ಮಾಲು ಕಳಿಸಿದವನೆಂದು ಮಾಲತೇಶಪ್ಪನನ್ನೂ ಕರೆಸಿ, ಮೇಜಿನ ಮೇಲೆ ಅವನ ಚೀಲವನ್ನೇ ಸುರುವಿಸಿದರು. "ಅರುಣಾ, ಎಲ್ಲಾರ ಮುಂದ ಮಾದರಿ ತಗೀ."

ಎದುರಿಗೆ ದಿಲನಾಜ ನಿಂತಿದ್ದಳು. ಇಬ್ಬರೂ ದಿನವೂ ಬೆನ್ನಿಗೆ ಬೆನ್ನು ಮಾಡಿ ನಿಂತು ಕೆಲಸ ಮಾಡುವವರು. ಅರುಣಾಳ ಕೆಲಸವನ್ನು ಆಕೆ ಎದುರಿನಿಂದ ನೋಡಿದ್ದು ಅಂದೇ. ದಿಲನಾಜ ಸುಮ್ಮನಿದ್ದರೆ ಸಾಕು, ಕೆಲಸ ಅವಳದೇ. ಆ ಜಾಗದಲ್ಲಿ ತಾನಿದ್ದರೆ ಬಾಯಿಗೆ ಎಲೆಯಡಿಕೆ ತುಂಬಿಕೊಂಡು ಕೂರುತ್ತಿದ್ದೆನೆಂದು ಮಾಲತೇಶಪ್ಪನಿಗೆ ಅನ್ನಿಸಿತು.

ಮಾದರಿಯೆಂದರೆ ಒಳ್ಳೆಯದು ಕೆಟ್ಟದ್ದು ಆರಿಸದೆ, ರಾಶಿಯಲ್ಲಿದ್ದಂತೆಯೇ ತೆಗೆಯಬೇಕು. ಅರುಣಾ ರಾಶಿ ಕಲಸಿ, ಪಾಲು ಮಾಡಿ, ಬಟ್ಟಲಿಗೆ ಕಾಯಿ ತುಂಬತೊಡಗಿದಳು.

"ಮೇಡಂ, ಆಕಿ ಕೈ ನೋಡ್ರಿ," ಎಂದಳು ದಿಲನಾಜ.

"ಏ ಹುಡಿಗಿ!" ಮಾಲತೇಶಪ್ಪ ಸಿಡಿದ. "ಬಿದ್ದಾಕಿ ಮ್ಯಾಲೆ ಕಾಲ ಇಡತೀಯೇನ?"

"ತಡೀರಿ ಕಾಕಾ. ನಾವು ಬಳಿ ಮಾರಾವ್ರು, ಮಂದಿ ಮಾರಿಗಿಂತ ಮೊದಲ ಕೈ ನೋಡತೇವಿ. ಆಕಿ ಕಿರುಬೆರಳು ನೋಡ್ರಿ."

ಎಲ್ಲರೂ ನೋಡಿದರು. ಬೆಳ್ಳಗಾದ ಕಾಯಿ, ಮುರಿದ ಕಾಯಿ ಬಂದಾಗೆಲ್ಲ ಅರುಣಾಳ ಕಿರುಬೆರಳು ಅದನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತಿತ್ತು. ಬಟ್ಟಲಲ್ಲಿ ಕೆಂಪು ಕಾಯಿ, ಹೊರಗೆ ಪುಟ್ಟ ಗುಡ್ಡೆ. ಅರುಣಾಳೇ ಬೆಚ್ಚಿದಳು. "ಇಷ್ಟೂ ನಾನ ಸರಿಸಿದ್ನೇನ?"

"ಬ್ಯಾರೆಯವರ ಮಾಲು ಇಟ್ಟು ನೋಡ್ರಿ ಮೇಡಂ. ಅಲ್ಲೂ ಹಂಗ ಮಾಡತಾಳ."

ಮೇಡಂ ಬೇರೊಂದು ರಾಶಿ ಸುರುವಿಸಿ, ಹಲಗೇರಿಯ ರೈತನೊಬ್ಬನದೆಂದು ತಿಳಿಸಿದರು. ಅರುಣಾ ಮೈಯೆಲ್ಲ ಎಚ್ಚರವಾಗಿ ಕೈ ಹಾಕಿದಳು. ಕಿರುಬೆರಳು ತುಸು ಹೊತ್ತು ಸುಮ್ಮನಿದ್ದು, ಮತ್ತೆ ತನ್ನ ಕಸುಬಿಗೆ ಹತ್ತಿತು. ಮೇಡಂ ನಕ್ಕುಬಿಟ್ಟರು. "ಕಳವು ಅಲ್ಲ ಬಿಡ್ರಿ. ಅಂಗಡಿ ಚಟ."

ಆ ಚಟ ಯಾವ ಅಂಗಡಿಯದೆಂದು ಮಾಲತೇಶಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ. ಹೊರಗಿನ ಖರೀದಿದಾರ ಬಂದರೆ ತೋರಿಸುವ ತಟ್ಟೆಯಲ್ಲಿ ಬಿಳಿ ಕಾಯಿ ಇರಬಾರದು; ಇಡೀ ಪೇಟೆಯ ರೂಢಿ ಅದು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನೇ ಕಲಿಸಿದ್ದ. ಅಕ್ಷರ ಬಂದದ್ದು ಆಮೇಲೆ.

"ಭಾಳ ಚಂದ ಕಲಿಸೀರಿ ಕಾಕಾ," ಎಂದಳು ದಿಲನಾಜ. "ಡಿಗ್ರಿ ಮುಗಿದ್ರೂ ಹೋಗವಲ್ದು."

ಕಾಯಂ ಕೆಲಸ ದಿಲನಾಜಳಿಗೇ ಆಯಿತು. ಅರುಣಾ, ಕೈಸರ ಮೇಡಂ ಹೇಳಿದ ಒಳ್ಳೆಯ ಮಾತಿನ ಮೇಲೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯ ಸೇರಿದಳು. ಅಲ್ಲಿ ಮಾದರಿ ಪಾಲು ಮಾಡಲು ಯಂತ್ರವಿದೆ. "ನನ್ನ ಬೆರಳಿಗೆ ಅಲ್ಲಿ ರಜಾ ಅಪ್ಪಾ," ಎಂದು ನಗುತ್ತಾಳೆ.

ಮಾಲತೇಶಪ್ಪನ ಉರಿ ಇನ್ನೂ ಇದೆ. ಕಾರ್ಖಾನೆಯಿಂದ ದಿಲನಾಜಳ ಸಹಿಯಿರುವ ವರದಿ ಬಂದರೆ ತಪ್ಪು ಹುಡುಕುತ್ತಾನೆ. ಸಿಗದಿದ್ದರೆ ಸಹಿ ಸೊಟ್ಟಗಿದೆ ಎನ್ನುತ್ತಾನೆ. ಕಾರ್ಖಾನೆಯ ಆ ಬಿಳಿ ಕೋಟು ತನ್ನ ಮನೆಯ ಹಗ್ಗದ ಮೇಲೆ ಒಣಗಬೇಕಿತ್ತೆಂದು ಈಗಲೂ ಅನ್ನಿಸುತ್ತದೆ. ಆದರೂ ಅಂದು ಆ ಹುಡುಗಿ ಸುಮ್ಮನಿದ್ದಿದ್ದರೆ ಅರುಣಾ ಇಂದು ಯಾವ ಪ್ರಯೋಗಾಲಯದಲ್ಲೂ ಇರುತ್ತಿರಲಿಲ್ಲ. ಮಗಳ ಹೆಸರು ಉಳಿದದ್ದು ದಿಲನಾಜಳಿಂದ. ಅದು ಮಾಲತೇಶಪ್ಪನ ಮೇಲಿರುವ ಋಣ.