ಲಿಂಡನ್ ಮರದ ಮೂರು ಚಿತ್ರಗಳು

ಪ್ಲೊವ್ದಿವ್ ನಗರದಲ್ಲಿ ಹಳೆಯ ಕ್ಯಾಮೆರಾ ಮಾರುವ ನೆವೆನಾಳ ಅಂಗಡಿಗೆ ಟಿವಿಯ ರಿಮೋಟ್ ಜೇಬಿನಲ್ಲಿಟ್ಟುಕೊಂಡು ಬರುವ ಗಿರಾಕಿಗಳದೇ ಒಂದು ಪ್ರತ್ಯೇಕ ಕುಲ. ಮುದುಕ ಸ್ಪಾಸ್ ಆ ಕುಲದ ಹಿರಿಯ. ಕ್ಯಾಮೆರಾದ ಅಂದ, ಹೆಸರು ಅವನಿಗೆ ಬೇಡ. ರಿಮೋಟ್ ಸೂಸುವ, ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಅದರೊಳಗೆ ಹೊಗುತ್ತದೆಯೇ ಎಂದು ಲೆನ್ಸಿನೆದುರು ರಿಮೋಟ್ ಹಿಡಿದು ಗುಂಡಿ ಒತ್ತುವನು. ಪರದೆಯಲ್ಲಿ ಚುಕ್ಕೆ ಮಿನುಗದಿದ್ದರೆ, "ಇದು ಕುರುಡು, ಎತ್ತಿಡು ತಾಯಿ" ಎನ್ನುವನು. ಮಿನುಗಿದರೂ ಸಾಲದು, ಒಮ್ಮೆ ಒತ್ತಿದರೆ ಕಡಿಮೆ, ಹದ, ಹೆಚ್ಚು ಬೆಳಕಿನ ಮೂರು ಚಿತ್ರಗಳು ಸಾಲಾಗಿ ಬೀಳಲೇಬೇಕು. "ಹೆಣ್ಣು ನೋಡೋಕೂ ರಿಮೋಟ್ ಒಯ್ದಿದ್ರಾ, ಅಜ್ಜ?" ಎಂದು ನೆವೆನಾ ಚುಚ್ಚಿದರೆ, "ಒಯ್ದಿದ್ರೆ ನಮ್ಮತ್ತೆ ಕೈಯಿಂದ ತಪ್ಪಿಸ್ಕೋತಿದ್ದೆ!" ಎಂದು ನಗುವನು. ಇಂದು ಮಾತ್ರ ಅವನು ನಗಲಿಲ್ಲ. ಅಂಗಡಿಯೆದುರಿನ ಲಿಂಡನ್ ಮರ ಸತ್ತಿದೆಯೆಂದು ಕಡಿಯಲು ಪುರಸಭೆಯವರು ಗರಗಸದೊಡನೆ ಬೀದಿಯ ತುದಿಗೆ ಬಂದಿದ್ದರು. ತನ್ನ ನಾಮಫಲಕಕ್ಕೆ ಮರೆಯಾದ ಆ ಮರ ಸತ್ತಿದೆಯೆಂದು ದೂರು ಕೊಟ್ಟವಳು ನೆವೆನಾಳೇ. "ಜೀವ ಇರೋ ಎಲೆ ಇದರಲ್ಲಿ ಬೆಳ್ಳಗೆ ಬೀಳುತ್ತೆ," ಎನ್ನುತ್ತ ಸ್ಪಾಸ್, ಕೊನೆಗೂ ತನ್ನ ಪರೀಕ್ಷೆ ಗೆದ್ದ ಕ್ಯಾಮೆರಾಕ್ಕೆ ಅವಗೆಂಪು ಬೆಳಕನ್ನಷ್ಟೇ ಬಿಡುವ ಕಪ್ಪು ಗಾಜು ತೊಡಿಸಿ, ಬಾಗಿಲಲ್ಲಿ ಮುಕ್ಕಾಲಿ ನಿಲ್ಲಿಸಿ ಗುಂಡಿ ಒತ್ತಿದನು. ಮೊದಲ ಚಿತ್ರ ಬರೀ ಕತ್ತಲೆ. ಎರಡನೆಯದರಲ್ಲಿ ಕಾಂಡ ಮಾತ್ರ ಮಸುಕಾಗಿ ಮೂಡಿತು. ಗರಗಸ ಗುರುಗುಟ್ಟತೊಡಗಿತು, ನೆವೆನಾ ಪರದೆಯತ್ತ ಬಾಗಿದಳು. ಮೂರನೆಯದರಲ್ಲಿ, ಧೂಳು ಮೆತ್ತಿ ಬೂದಿಯಂತಿದ್ದ ಮರದ ನೆತ್ತಿಯ ಎಲೆಗಳೆಲ್ಲ ಹಿಮ ಬಿದ್ದಂತೆ ಬೆಳ್ಳಗಿದ್ದವು. "ಓಡಿ ಅಜ್ಜ, ಅವರಿಗೆ ತೋರಿಸಿ!" ಎಂದಳು. "ಅವರಿಗಲ್ಲ ತಾಯಿ, ನಿನಗೆ ತೋರಿಸೋಕೇ ಇಷ್ಟು ದಿನ ಕ್ಯಾಮೆರಾ ಹುಡುಕಿದ್ದು," ಎಂದನು ಸ್ಪಾಸ್. ನೆವೆನಾ ಕ್ಯಾಮೆರಾವನ್ನು ಮುಕ್ಕಾಲಿಯಿಂದ ಬಿಚ್ಚಿಕೊಂಡು, ಗರಗಸದ ಸದ್ದಿನತ್ತ ತಾನೇ ಓಡಿದಳು.